ತಲೆಗೂ ಗೋಡೆಗೂ ನಡುವೆ

ನಾಲ್ಕು ಗಂಟೆಗೆ ಅಲಾರಾಂ ಬೇಡ, ಬೆನ್ನೇ ಎಬ್ಬಿಸುತ್ತದೆ.
ಎಬ್ಬಿಸಿ ತಾನು ಮಾತ್ರ ಏಳುವುದಿಲ್ಲ,
ಮಳೆಗೆ ಉಬ್ಬಿದ ಬಾಗಿಲಿನ ಹಾಗೆ
ಚೌಕಟ್ಟಿನೊಳಗೇ ಹಟ ಹಿಡಿದು ಕೂತಿರುತ್ತದೆ.
ಮಗ್ಗುಲಾಗಬೇಕು, ಮೊಣಕೈ ಊರಬೇಕು,
ಕಾಲುಗಳನ್ನು ಯಾರದ್ದೋ ಲಗೇಜಿನಂತೆ
ಒಂದೊಂದಾಗಿ ಕೆಳಗಿಳಿಸಬೇಕು.

ಮಲಗಿದರೆ ಹೆಚ್ಚು, ನಡೆದರೆ ಕಡಿಮೆ.
ಇದೆಂಥ ನೋವು ಮಾರಾಯ್ರೆ,
ರಜೆ ಹಾಕಿದವನ ಮನೆ ಹುಡುಕಿ ಬಂದು ಹೊಡೆಯುತ್ತದೆ!

ಎಂಟು ವರ್ಷ ಎಲ್ಲರ ಬಾಯಲ್ಲೂ ಒಂದೇ:
ಬಸ್ಸಿನ ಕುಲುಕು, ಬೇರೆ ಎಂತದ್ದೂ ಅಲ್ಲ.
ಎಣ್ಣೆ ತಿಕ್ಕಿದವರು ತಿಕ್ಕಿದರು,
ಬಿಸಿ ಹೊಯಿಗೆಯ ಗಂಟು ಇಟ್ಟವರು ಇಟ್ಟರು.
ಕೊನೆಗೊಂದು ದಿನ ಕಣ್ಣು ಕೆಂಪೇರಿ
ಸ್ಟೇಟ್‌ಬ್ಯಾಂಕಿನ ಬಿಸಿಲು ಸೂಜಿಯಾಗಿ ಚುಚ್ಚಿದಾಗ
ಕಣ್ಣಿನ ಡಾಕ್ಟರಮ್ಮ ಟಾರ್ಚು ಬಿಟ್ಟು ನೋಡಿ ಕೇಳಿದರು:
"ಬೆಳಿಗ್ಗೆ ಬೆನ್ನು ಬಿಗಿಯುತ್ತದಾ?"
ಕಣ್ಣಿನವರು ಬೆನ್ನು ಕೇಳಿದರು. ನನಗೆ ಅಲ್ಲಿಯೇ ಅಳು ಬಂತು.
ಹೇಗೂ ನೀರು ಸುರಿಯುತ್ತಿದ್ದ ಕಣ್ಣು, ಗೊತ್ತಾಗಲಿಲ್ಲ.

ಆಮೇಲೆ ರಕ್ತ, ಆಮೇಲೆ ಎಕ್ಸ್‌ರೇ.
ದೊಡ್ಡ ಡಾಕ್ಟರು ಬೆಳಕಿಗೆ ಹಿಡಿದು ತೋರಿಸಿದರು:
"ಮಣಿಗೆ ಮಣಿ ಅಂಟಿಕೊಳ್ತಾ ಬರ್ತಾ ಉಂಟು. ಬಿಟ್ಟರೆ ಬಿದಿರು."
ಆಟಿ ತಿಂಗಳ ಕಣಿಲೆ ತಿಂದೇ ಬೆಳೆದವ ನಾನು,
ಒಳಗೆ ಬೇರು ಬಿಟ್ಟಿತಾ ಅಂತ ತಮಾಷೆ ಮಾಡಿದೆ.
ಅವರು ನಗಲಿಲ್ಲ. ಟೇಪು ತೆಗೆದು ಎದೆಗೆ ಸುತ್ತಿದರು.
"ಉಸಿರು ಎಳೆಯಿರಿ." ಎಳೆದೆ.
"ಇನ್ನೂ." ಇಷ್ಟೇ ಡಾಕ್ಟ್ರೇ, ಬಸ್ಸು ಫುಲ್.
ಎರಡು ಸೆಂಟಿಮೀಟರ್ ಅಂತ ಬರೆದುಕೊಂಡರು.
"ದಿನಕ್ಕೆ ಎಷ್ಟು ಸಲ ವಿಸಿಲ್ ಊದುತ್ತೀರಿ?"
ಲೆಕ್ಕ ಇಟ್ಟಿಲ್ಲ.
"ಇನ್ನೂ ಉದ್ದಕ್ಕೆ ಊದಿ."

ಈಗ ಮೊದಲ ಟ್ರಿಪ್ಪಿನ ಮುಂಚೆ, ಖಾಲಿ ಬಸ್ಸಿನಲ್ಲಿ
ಮೇಲಿನ ಕಂಬಿ ಹಿಡಿದು ನೇತಾಡುತ್ತೇನೆ.
ಸೀಟಿನ ಮೇಲೆ ಹಿಮ್ಮಡಿ ಇಟ್ಟು ಬಾಗುತ್ತೇನೆ, ಹನ್ನೆರಡು ಸಲ.
ಡ್ರೈವರ್ ಇದಿನಬ್ಬ ಕನ್ನಡಿಯಲ್ಲಿ ಎಣಿಸುತ್ತಾನೆ:
"ಹತ್ತೇ ಆದದ್ದು, ಕದಿಯಬೇಡ."
ಪಂಪ್‌ವೆಲ್ಲಿನ ಗುಂಡಿಗೆ ಮೊದಲು ಅವನದು ಎರಡು ಹಾರ್ನು,
ಎದುರಿಗೆ ನಾಯಿಯೂ ಇಲ್ಲದಿದ್ದರೂ.
ಜನರಿಗೆ ಅದು ಅವನ ಹುಚ್ಚು,
ನನಗೆ, ಹಿಡಿದುಕೋ ಎಂಬ ಮಾತು.

ಕತ್ತು ತಿರುಗುವುದಿಲ್ಲ. ಹಿಂದಿನಿಂದ ಚಿಲ್ಲರೆ ಕೇಳಿದರೆ
ಪೂರ್ತಿ ನಾನೇ ತಿರುಗಬೇಕು, ಬಂದರಿನಲ್ಲಿ ಹಡಗು ತಿರುಗಿದ ಹಾಗೆ.
"ಎಂಥ ಗತ್ತು ಇವನಿಗೆ" ಅಂದರು ತೊಕ್ಕೊಟ್ಟಿನಲ್ಲಿ ಹತ್ತಿದ ಒಬ್ಬರು.
ಇರಲಿ.
ಒಂದು ದಿನ ಕೊಟ್ಟಾಯಂ ಕಡೆಯ ನರ್ಸಿಂಗ್ ಹುಡುಗಿ
ಪಾಸು ತೋರಿಸುತ್ತಾ ದಿಟ್ಟಿಸಿ, ಅರ್ಧ ಕನ್ನಡದಲ್ಲಿ,
"ಅಣ್ಣಾ, ನಿನ್ನೆ ಕ್ಲಾಸಿನಲ್ಲಿ ನಿಮ್ಮನ್ನೇ ಹೇಳಿದರು."
ಹೌದೆಂದು ತಲೆ ಆಡಿಸಲು ಹೋದೆ, ಸೊಂಟ ಆಡಿತು.
ಇಬ್ಬರೂ ನಕ್ಕೆವು.

ಹದಿನೈದು ದಿನಕ್ಕೊಂದು ಸೂಜಿ. ಮನೆಯಲ್ಲಿ ಫ್ರಿಜ್ಜಿಲ್ಲ.
ಲೂರ್ದಿನಾ ಬಾಯಿಯ ಅಂಗಡಿಯಲ್ಲಿ
ಪುನರ್ಪುಳಿ ಶರಬತ್ತಿನ ಬಾಟಲಿಗಳ ಹಿಂದೆ
ನನ್ನ ಅರ್ಧ ಸಂಬಳ ತಣ್ಣಗೆ ಕೂತಿರುತ್ತದೆ.
ಗಾಳಿಮಳೆಗೆ ಎರಡು ದಿನ ಕರೆಂಟು ಹೋದಾಗ
ದಕ್ಕೆಯಿಂದ ಐಸು ತಂದು ಹೂತಿಟ್ಟೆವು.
ಬಂಗುಡೆಯ ವಾಸನೆಗೆ ಮೂಗು ಸಿಂಡರಿಸುತ್ತಲೇ
ಜಲಜಾಕ್ಷಿ ನನ್ನ ತೊಡೆಗೆ ಚುಚ್ಚಿದಳು.

ತಿಂಗಳ ಮೊದಲ ಆದಿತ್ಯವಾರ
ಹಿಮ್ಮಡಿ ಗೋಡೆಗೆ, ಬೆನ್ನು ಗೋಡೆಗೆ.
ತಲೆ ಮಾತ್ರ ಮುಂದೆ,
ಸ್ಟಾಪು ಬರುವ ಮೊದಲೇ ಇಳಿಯಲು ಹೊರಟವನ ಹಾಗೆ.
ನಡುವಿನ ಖಾಲಿಯನ್ನು ಅವಳು ಹೊಲಿಗೆಯ ಟೇಪಿನಲ್ಲಿ ಅಳೆದು
ಸೊಸೈಟಿಯ ಕ್ಯಾಲೆಂಡರಿನಲ್ಲಿ ಬರೆಯುತ್ತಾಳೆ,
ಗ್ಯಾಸು ಬಂದ ತಾರೀಕಿನ ಪಕ್ಕ.
ಜನವರಿಗೆ ಏಳು. ಮಾರ್ಚಿಗೆ ಏಳು. ಜೂನಿಗೆ ಆರೂವರೆ.

ಟೇಪಿನ ತುದಿ ಎಂದೋ ಹರಿದಿದೆ.
ಒಂದರಿಂದ ಹಿಡಿದು ಒಂದು ಕಳೆಯುವುದು ಅವಳ ರೂಢಿ.
ಈ ಸಲ ಕಳೆದದ್ದು ಒಂದೋ, ಒಂದೂವರೆಯೋ,
ಕತ್ತು ತಿರುಗಿಸಿ ನೋಡುವಂತಿಲ್ಲ.
ಕೇಳಲೂ ಇಲ್ಲ.